ಅಂಗಳಕ್ಕೆ ಅಂಟಿದ ನಾಲಿಗೆ

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೂ ಯಾರಿಗೂ ಗುರುತು ಸಿಗಲಾರದು. ನಮ್ಮ ಕ್ರೈಸ್ತ ಸಭೆಯಲ್ಲಿ ಎಲ್ಲರೂ ಅವರನ್ನು ಉಪದೇಶಿಗಳು ಎಂದೇ ಕರೆಯುತ್ತಿದ್ದರು. ತುಂಟ ಮಕ್ಕಳು ಬೆನ್ನ ಹಿಂದೆ ಮೂಕಯ್ಯ ಎನ್ನುತ್ತಿದ್ದರು. ಕಳೆದ ತಿಂಗಳು ಅವರು ತೀರಿಕೊಂಡರಂತೆ. ಕೋಲಾರದ ಕಡೆಯವರೊಬ್ಬರು ಯಶವಂತಪುರದ ಸಂತೆಯಲ್ಲಿ ಸಿಕ್ಕಿ, ಈರುಳ್ಳಿ ಆರಿಸುತ್ತ ಆರಿಸುತ್ತ, ಮರೆತಿದ್ದ ಮಾತೊಂದು ನೆನಪಾದ ಹಾಗೆ ಹೇಳಿದರು. ನನಗೆ ಅಲ್ಲೇ ಅಳು ಬಂತು. ಪಾಪ, ಅವರು ಗಾಬರಿಯಾಗಿ ಚೀಲ ಕೆಳಗಿಟ್ಟು, ಏನಾಗಬೇಕಿತ್ತು ನಿಮಗೆ ಎಂದು ಕೇಳಿದರು. ಏನೂ ಆಗಬೇಕಿರಲಿಲ್ಲ. ಪಕ್ಕದ ಮನೆಯವರು, ಅಷ್ಟೆ.

ಮೂಕಯ್ಯ ಎನ್ನುವ ಹೆಸರು ಬಂದದ್ದು ಆಮೇಲೆ. ಐವತ್ತೈದು ಐವತ್ತಾರನೇ ಇಸವಿಯ ಸುಮಾರಿಗೆ ನಾನು ತುಮಕೂರಿನಿಂದ ಯಲಹಂಕದ ಮಿಶನ್ ಶಾಲೆಗೆ ಟೀಚರಾಗಿ ಬಂದಾಗ, ಅವರಷ್ಟು ಮಾತಾಡುವ ಮನುಷ್ಯ ಇಲ್ಲಿಂದ ಹೆಬ್ಬಾಳದವರೆಗೆ ಇನ್ನೊಬ್ಬರಿರಲಿಲ್ಲ. ಅವರ ಮನೆಯೂ ನನ್ನ ಮನೆಯೂ ಒಂದೇ ಹೆಂಚಿನ ಮಾಡಿನ ಕೆಳಗೆ. ನಡುವೆ ಒಂದು ಗೋಡೆ, ಅದೂ ಮಾಡಿಗೆ ಮುಟ್ಟದ ಗೋಡೆ. ಬೆಳಿಗ್ಗೆ ಅವರು ಹಲ್ಲುಜ್ಜುವಾಗ ಶುರುವಾದ ಮಾತು ಸಂಜೆ ದೀಪ ಹಚ್ಚುವವರೆಗೂ ನನ್ನ ಪಾಲಿಗೂ ಬೀಳುತ್ತಿತ್ತು. ಸೈಕಲ್ ಏರಿ ಹೊರಟರೆ ಪಕ್ಕದ ಕೋಗಿಲು ಹಳ್ಳಿ ತಲುಪುವುದಕ್ಕೆ ಅರ್ಧ ದಿನ ಬೇಕು, ಏಕೆಂದರೆ ದಾರಿಯಲ್ಲಿ ಎದುರಾದವರೆಲ್ಲರ ಮುಂದೆ ಒಂದು ಕಾಲು ಕೆಳಗೂರಿ ನಿಲ್ಲುತ್ತಿದ್ದರು. ಸೈಕಲ್ ಅಂಗಡಿಯ ಸಾಬರ ಹತ್ತಿರ ಹರಕು ಮುರುಕು ದಖನಿ ಉರ್ದುವಿನಲ್ಲಿ ಹರಟುತ್ತಿದ್ದರು. ಸಾಬರು ನಗುತ್ತ, ಉಪದೇಶಿಗಳೇ, ನೀವು ಕನ್ನಡದಲ್ಲೇ ಹೇಳಿ, ನನಗೆ ಅದು ಬೇಗ ಅರ್ಥವಾಗುತ್ತದೆ ಎನ್ನುತ್ತಿದ್ದರು.

ಭಾನುವಾರದ ಆರಾಧನೆಯಲ್ಲಿ ಅವರು ಮಾಡುವ ಪ್ರಸಂಗವಂತೂ ಮುಗಿಯುವ ಜಾತಿಯದಲ್ಲ. ಅದಕ್ಕೆ ಅವರ ಹೆಂಡತಿ ಒಂದು ಉಪಾಯ ಮಾಡಿದ್ದರು. ಮುಂದಿನ ಚಾಪೆಯ ಮೇಲೆ ಕೂತು, ಸಾಕೆನಿಸಿದಾಗ ಮಡಿಲಲ್ಲಿದ್ದ ಕೊಡೆಯನ್ನು ನೆಟ್ಟಗೆ ನಿಲ್ಲಿಸುತ್ತಿದ್ದರು. ಕೊಡೆ ಎದ್ದರೆ ಉಪದೇಶಿಗಳು ಪ್ರವಾದಿಯನ್ನು ಮರುಭೂಮಿಯ ನಡುವೆಯೇ ಬಿಟ್ಟು, ಪ್ರಾರ್ಥಿಸೋಣ ಎನ್ನುತ್ತಿದ್ದರು. ನಾನು ಹಾರ್ಮೋನಿಯಂ ಹಿಂದೆ ಕೂತು ನಗು ತಡೆಯುತ್ತಿದ್ದೆ. ಅಕ್ಕ, ಹಾಗೆಂದೇ ನಾನು ಅವರ ಹೆಂಡತಿಯನ್ನು ಕರೆಯುತ್ತಿದ್ದದ್ದು, ಮನೆಗೆ ಬಂದ ಮೇಲೆ ನನ್ನ ಕಿವಿ ಹಿಂಡುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ.

ಇನ್ನು ಬೇಲಿಯ ವಿಷಯ. ನಮ್ಮ ದೇವಾಲಯ ಅಲ್ಲಾಳಸಂದ್ರದ ಕಡೆಗೆ ಇಳಿಯುವ ದಿಬ್ಬದ ಮೇಲಿತ್ತು. ಹಿಂದೆ ಸಮಾಧಿಯ ಭೂಮಿ. ಅದರ ನಡುವೆ ಒಂದು ಹಳೆಯ ಕಳ್ಳಿಬೇಲಿ. ಮೇಲಿನ ಅರ್ಧ ಒಣ ಕೆಂಪು ಮಣ್ಣು, ಸಂಪಿಗೆ ಮರದ ನೆರಳು. ಕೆಳಗಿನ ಅರ್ಧ ಹಳ್ಳದ ಪಕ್ಕ. ಕ್ರಿಸ್ತನಲ್ಲಿ ಜಾತಿಯಿಲ್ಲವಾದ್ದರಿಂದ ನಮ್ಮವರು ಯಾರೂ ಜಾತಿಯ ಹೆಸರೆತ್ತುತ್ತಿರಲಿಲ್ಲ. ಬೇಲಿಯಾಚೆಯವರು ಎನ್ನುತ್ತಿದ್ದರು, ಅಷ್ಟರಿಂದಲೇ ಎಲ್ಲರಿಗೂ ತಿಳಿಯುತ್ತಿತ್ತು. ಬೇಲಿಯಾಚೆಯವರು ದೇವಾಲಯದಲ್ಲಿ ಬಾಗಿಲ ಪಕ್ಕ ಕೂರುತ್ತಿದ್ದರು, ಸತ್ತರೆ ಹಳ್ಳದ ಪಕ್ಕ ಮಲಗುತ್ತಿದ್ದರು. ನಾನು ಯಾವ ಕಡೆಯವಳೆಂದು ಬಂದ ವಾರದಲ್ಲೇ ಜಾಣತನದಿಂದ ವಿಚಾರಿಸಿಕೊಂಡರು. ಈಚೆಯವಳೆಂದು ಗೊತ್ತಾದ ಮೇಲೆ ಊಟಕ್ಕೆ ಕರೆದರು.

ಕೋಗಿಲಿನ ರೂತಮ್ಮ ಬೇಲಿಯಾಚೆಯವಳು. ದೇವಾಲಯ ಗುಡಿಸುವ ಮುದುಕಿ. ಅವಳ ಒಬ್ಬನೇ ಮಗ ಜ್ವರದಲ್ಲಿ ಹೋದ. ಕೆಳಗೆ ಮಣ್ಣು ಮಾಡಿದರು. ಆ ವರ್ಷ ಕೆರೆ ಕೋಡಿ ಬಿದ್ದು ಹಳ್ಳ ತುಂಬಿ ಹರಿಯಿತು. ನೀರು ಇಳಿದ ಮೇಲೆ ನೋಡಿದರೆ ಗುಡ್ಡೆಯೂ ಇಲ್ಲ, ನೆಟ್ಟಿದ್ದ ಶಿಲುಬೆಯೂ ಇಲ್ಲ, ನೆಲವೆಲ್ಲ ಒಂದೇ ಸಮ. ಉಪದೇಶಿಗಳು ಅವಳ ಜೊತೆ ಒಂದು ಕೋಲು ಹಿಡಿದು, ಪಂಚೆ ಮೇಲೆತ್ತಿ ಕಟ್ಟಿಕೊಂಡು, ಕೆಸರಿನಲ್ಲಿ ಇಲ್ಲಿರಬಹುದೇ ಅಲ್ಲಿರಬಹುದೇ ಎಂದು ಮಧ್ಯಾಹ್ನವೆಲ್ಲ ಹುಡುಕಿದರು. ಸಿಗಲಿಲ್ಲ. ಕೊನೆಗೆ ರೂತಮ್ಮ ಹಳ್ಳದ ದಡದಲ್ಲಿ ಕೂತು ಅವರಿಗೆ ಹೇಳಿದಳು.

"ಓದವ್ನು ಓದ. ನನ್ನ ಮಾತ್ರ ಒಣ ಜಾಗದಾಗೆ ಆಕಿ ಸ್ವಾಮಿ. ಇನ್ನೇನೂ ಬ್ಯಾಡ ನಂಗೆ."

ಆಗಲಿ ಎಂದು ಅವರು ಮಾತು ಕೊಟ್ಟರು. ಸುಲಭದ ಕೆಲಸವೆಂದೇ ಅವರು ತಿಳಿದಿದ್ದರು ಎಂದು ನನಗೆ ಈಗಲೂ ಅನಿಸುತ್ತದೆ. ಹೇಳಿದರೆ ಜನ ಕೇಳುತ್ತಾರೆ ಎಂದು ನಂಬಿದ್ದ ಮನುಷ್ಯ.

ಸಭೆಯ ಹಿರಿಯರು ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ನಾವೆಲ್ಲ ಗಾರ್ಡ್ ಹಿರಿಯರು ಎನ್ನುತ್ತಿದ್ದೆವು. ಅವರನ್ನು ಕೆಟ್ಟವರೆಂದು ಹೇಳಿದರೆ ನನ್ನ ಬಾಯಿ ಹೊಲಸಾದೀತು. ಉಪದೇಶಿಗಳಿಗೆ ವಿಷಮಶೀತ ಜ್ವರ ಬಂದಾಗ ಜಟಕಾದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದವರು ಅವರು. ಆದರೆ ಬೇಲಿಯ ಮಾತೆತ್ತಿದರೆ ಒಂದೇ ಉತ್ತರ, ಅದು ದನ ಬಾರದಿರಲಿ ಎಂದು ಹಾಕಿದ್ದು. ಯಾವ ಕಡೆಯ ದನ ಎಂದು ಉಪದೇಶಿಗಳು ಒಮ್ಮೆ ಕೇಳಿದರು. ಗಾರ್ಡ್ ಹಿರಿಯರು ಪೇಟ ಸರಿಮಾಡಿಕೊಂಡು ಬೇರೆ ವಿಷಯಕ್ಕೆ ಹೋದರು.

ಆಮೇಲೆ ಪ್ರಸಂಗಗಳು ಶುರುವಾದವು. ಭಾನುವಾರದ ಮೇಲೆ ಭಾನುವಾರ ಬೇಲಿ. ಒಳ್ಳೆಯ ಸಮಾರ್ಯದವನ ಕಥೆಯಿಂದ ಹೊರಟರೂ ಬೇಲಿಗೇ ಬಂದು ತಲುಪುತ್ತಿದ್ದರು. ಜನ ಬೈಯಲಿಲ್ಲ, ಎದ್ದು ಹೋಗಲಿಲ್ಲ. ಬಾಗಿಲಲ್ಲಿ ಕೈ ಜೋಡಿಸಿ, ಸ್ತೋತ್ರ ಉಪದೇಶಿಗಳೇ, ಇವತ್ತಿನ ಪ್ರಸಂಗ ಬಹಳ ಚೆನ್ನಾಗಿತ್ತು ಎಂದು ಹೇಳಿ ಮನೆಗೆ ಹೋಗುತ್ತಿದ್ದರು. ಗಾರ್ಡ್ ಹಿರಿಯರ ಹೆಂಡತಿಯಂತೂ ಒಮ್ಮೆ ಕಣ್ಣೊರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಬೇಲಿ ಮಾತ್ರ ಇದ್ದಲ್ಲೇ ಇತ್ತು. ಆ ಮಳೆಗಾಲದಲ್ಲಿ ಹೂವೂ ಬಿಟ್ಟಿತು.

ಒಂದು ಸಂಜೆ ಜಗುಲಿಯ ಮೇಲೆ ಕೂತು ಅವರು ನನಗೆ ಯೆಹೆಜ್ಕೇಲ ಪ್ರವಾದಿಯ ವಿಷಯ ಹೇಳಿದರು. ಸೆರೆಹೋದ ಜನರ ನಡುವೆ ಅವನನ್ನು ನಿಲ್ಲಿಸಿದ ದೇವರು, ಇವರು ಕೇಳುವವರಲ್ಲ ಎಂದು ಮೊದಲೇ ಹೇಳಿದ್ದನಂತೆ. ಒಳ್ಳೆಯ ಹಾಡುಗಾರ ಬಂದಿದ್ದಾನೆಂದು ಜನ ಕೇಳಲು ಬರುತ್ತಿದ್ದರಂತೆ, ಕೇಳಿ ತಲೆದೂಗಿ ಹೋಗುತ್ತಿದ್ದರಂತೆ. ಅದಕ್ಕೂ ಮೊದಲೇ ದೇವರು ಅವನ ನಾಲಿಗೆಯನ್ನು ಅಂಗಳಕ್ಕೆ ಅಂಟಿಸಿ ಮೂಕನನ್ನಾಗಿ ಮಾಡಿದ್ದನಂತೆ. ದೇವರು ಬಾಯಿ ತೆರೆಸಿದರೆ ದೇವರ ಮಾತು, ತನ್ನದೆಂದು ಒಂದು ಮಾತೂ ಇಲ್ಲ.

"ನಾನು ಇಷ್ಟು ದಿನ ಅದನ್ನ ಶಿಕ್ಷೆ ಅಂತ ಓದ್ತಿದ್ದೆ ಟೀಚರಮ್ಮ," ಎಂದರು. "ಈಗ ನೋಡಿದ್ರೆ ರಜಾ ಕೊಟ್ಟಿದ್ದಾನೆ ಅನ್ಸುತ್ತೆ."

ನಾನು ನಕ್ಕೆ. ಅವರು ನಗಲಿಲ್ಲ. ಮುಂದಿನ ಭಾನುವಾರ ಆ ಪ್ರವಾದಿಯ ಮೇಲೆಯೇ ಪ್ರಸಂಗ ಮಾಡಿದರು, ಎಂದಿಲ್ಲದ ಹಾಗೆ ಚಿಕ್ಕದಾಗಿ. ಅಕ್ಕ ಕೊಡೆ ಎತ್ತುವ ಮೊದಲೇ ಮುಗಿಸಿದ್ದರು. ಅದೇ ಅವರ ಕೊನೆಯ ಪ್ರಸಂಗ.

ಅದರ ಮುಂದಿನ ವಾರ ಪಾಠ ಓದಿದರು, ಪುಸ್ತಕ ಮುಚ್ಚಿದರು, ಸುಮ್ಮನೆ ನಿಂತರು. ಜನ ಕಾದರು. ಯಾರೋ ಕೆಮ್ಮಿದರು. ನಾನು ಕೂತ ಕಡೆಯಿಂದ ಅವರ ಕೈ ಕಾಣುತ್ತಿತ್ತು. ಪೀಠದ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದರು, ಬೆರಳು ಬಿಳುಚಿಕೊಂಡಿತ್ತು. ಅಷ್ಟು ಮಾತಿನ ಮನುಷ್ಯನಿಗೆ ಅದು ಎಂಥ ಹಿಂಸೆಯೆಂದು ಆ ದೇವಾಲಯದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅಕ್ಕ ತಲೆ ತಗ್ಗಿಸಿ ಕೂತಿದ್ದರು. ಬಹಳ ಹೊತ್ತಾದ ಮೇಲೆ, ಇನ್ನು ನೋಡಲಾರೆ ಎನ್ನುವ ಹಾಗೆ, ಕೊಡೆಯನ್ನು ನೆಟ್ಟಗೆ ನಿಲ್ಲಿಸಿದರು. ಪ್ರಾರ್ಥಿಸೋಣ ಎಂದರು ಉಪದೇಶಿಗಳು.

ಮೊದಲು ಎಲ್ಲರೂ ಗಂಟಲುಬೇನೆ ಎಂದುಕೊಂಡರು. ಮೆಣಸಿನ ಕಷಾಯ ಬಂತು, ಜೇನುತುಪ್ಪ ಬಂತು. ವಾರಗಳು ಕಳೆದು ವಿಷಯ ಗೊತ್ತಾದ ಮೇಲೆ ಸ್ವಲ್ಪ ಗುಸುಗುಸು ಆಯಿತು. ಆಮೇಲೆ ರೂಢಿಯಾಯಿತು. ರೂಢಿಯಾದದ್ದಷ್ಟೇ ಅಲ್ಲ, ಆರಾಧನೆ ಬೇಗ ಮುಗಿಯುತ್ತದೆಂದು ಮೊದಲು ಬಾರದವರೂ ಬರತೊಡಗಿದರು! ಕರ್ತನ ಭೋಜನದ ಸಂಸ್ಕಾರಕ್ಕೆ ಪಟ್ಟಣದಿಂದ ಬರುತ್ತಿದ್ದ ಪಾದ್ರಿ ಅಯ್ಯನವರು ಕೇಳಿದಾಗ ಉಪದೇಶಿಗಳು, ಹೇಳುವುದೆಲ್ಲ ಹೇಳಿಯಾಗಿದೆ ಎಂದರಂತೆ. ಜನ ಹೆಚ್ಚಿದ್ದಾರೆ, ದೂರು ಇಲ್ಲ. ಅಯ್ಯನವರೂ ಸುಮ್ಮನಾದರು.

ನನಗೆ ಸಿಟ್ಟು ಬಂತು. ಇದು ಭಕ್ತಿಯಲ್ಲ, ಹಟ ಎಂದು ಅಕ್ಕನ ಹತ್ತಿರ ಹೇಳಿದೆ. ಅಕ್ಕ ಅಕ್ಕಿ ಆರಿಸುತ್ತ, "ಹಟಾನೇ ಕಣೇ. ಅದೊಂದಾದ್ರೂ ಇರ್ಲಿ ಬಿಡು ಅವರ ಹತ್ರ," ಎಂದರು.

ರೂತಮ್ಮ ಮಾತ್ರ ಇದನ್ನು ಬೇರೆ ಥರ ತಿಳಿದುಕೊಂಡಿದ್ದಳು. ಸತ್ಯವೇದದ ಹಳೆಯ ಕನ್ನಡದಲ್ಲಿ ಬಾಯೊಳಗಿನ ಮೇಲ್ಭಾಗವನ್ನು ಅಂಗಳ ಎನ್ನುತ್ತಾರೆ, ನಾವು ಅಂಗುಳ ಎನ್ನುತ್ತೇವಲ್ಲ, ಅದು. ಅವಳಿಗೆ ಗೊತ್ತಿದ್ದ ಅಂಗಳ ಒಂದೇ, ಮನೆ ಮುಂದೆ ಸಾರಿಸಿ ರಂಗೋಲಿ ಹಾಕುವ ಅಂಗಳ. ಒಂದು ದಿನ ಪೊರಕೆ ಹಿಡಿದೇ ಅವರ ಮನೆ ಮುಂದೆ ಬಂದು ನಿಂತಳು.

"ನಾಲ್ಗೆ ಅಂಗಳಕ್ಕೆ ಅಂಟ್ಕಂಡೈತೆ ಅಂತ ಓದಿದ್ರಿ. ಅಂಗಾದ್ರೆ ಅಂಗಳದಾಗೇ ಮಾತಾಡ್ಬೇಕು ಸ್ವಾಮಿ. ಒಳಗ್ ಓಗಿ ನಿಂತ್ರೆ ಎಂಗೆ ಬಂದಾತು ಮಾತು? ನಮ್ಮುನ್ನೂ ಯಾರೂ ಅಂಗಳ ದಾಟಿಸಿಲ್ಲ."

ಉಪದೇಶಿಗಳು ಮೊದಲು ಜೋರಾಗಿ ನಕ್ಕರು, ಎಷ್ಟೋ ದಿನದ ಮೇಲೆ. ತಿದ್ದಲು ಬಾಯಿ ತೆರೆದವರು ತಿದ್ದಲಿಲ್ಲ. ಅಂದಿನಿಂದ ಅವರು ಯಾರ ಮನೆಯ ಒಳಗೂ ಹೋಗಲಿಲ್ಲ. ಕೋಗಿಲಿನಲ್ಲಿ ಬೇಲಿಯಾಚೆಯವರ ಅಂಗಳಗಳಲ್ಲಿ ಕೂತು ಮೊದಲಿನ ಹಾಗೆ ಮಾತಾಡುತ್ತಿದ್ದರಂತೆ. ಈಚೆಯವರ ಮನೆಗೆ ಹೋದರೆ ಅಂಗಳದಲ್ಲೇ ನಿಂತು, ಕ್ಷೇಮ ಕೇಳಿ, ಅಲ್ಲಿಂದಲೇ ಹೊರಡುತ್ತಿದ್ದರು. ಗಾರ್ಡ್ ಹಿರಿಯರ ಮನೆಗೆ ದ್ರಾಕ್ಷಿ ತೋಟ ದಾಟಿ ಹೋಗಬೇಕು. ಒಳಗೆ ಬನ್ನಿ ಎಂದು ಅವರು ಎಷ್ಟು ಕರೆದರೂ ಇಲ್ಲ. ಕುರ್ಚಿಯನ್ನೇ ಹೊರಗೆ ತರಿಸಿದರು, ಕಾಫಿಯೂ ಹೊರಗೆ ಬಂತು. ಇದರ ಅರ್ಥ ಅವರಿಗೆ ಆಗಲಿಲ್ಲವೆಂದಲ್ಲ. ಯಾಕೆ ಹೀಗೆ ಅವಮಾನ ಮಾಡುತ್ತೀರಿ ಎಂದು ಒಮ್ಮೆ ಕೇಳಿಯೇ ಬಿಟ್ಟರಂತೆ. ರೂತಮ್ಮ ಎಲ್ಲಿಯವರೆಗೆ ಬರುತ್ತಾಳೋ ನಾನೂ ಅಲ್ಲಿಯವರೆಗೆ ಎಂದರಂತೆ ಇವರು.

ಹಾಗೆಂದ ಮೇಲೆ ಯಾರು ಇವರನ್ನು ಮನೆಗೆ ಕರೆದಾರು? ಮದುವೆ ನಾಮಕರಣಕ್ಕೆ ಕರೆಯುವುದು ನಿಂತಿತು. ಸಂಜೆ ಬಂದು ಹರಟುತ್ತಿದ್ದವರು ನಿಂತರು. ಕೊನೆಗೆ ಉಳಿದದ್ದು ಅಕ್ಕ ಒಬ್ಬರೇ. ಗೋಡೆಯ ಮೇಲಿನಿಂದ ಸಂಜೆ ಹೊತ್ತು ಅವರ ಓದು ಕೇಳಿಸುತ್ತಿತ್ತು. ನಾಲ್ಕು ಸಾಲು ಓದಿ, "ಅಲ್ವಾ?" ಎನ್ನುತ್ತಿದ್ದರು. ಅಕ್ಕ, "ಹೂಂ," ಎನ್ನುತ್ತಿದ್ದರು. ಮತ್ತೆ ನಾಲ್ಕು ಸಾಲು.

ಕಾಮಾಲೆ ಬಂದು ಅಕ್ಕ ಹೋದದ್ದು ಅರವತ್ತನೇ ಇಸವಿಯ ಆಸುಪಾಸಿನಲ್ಲಿ, ಮಳೆಗಾಲ ಹಿಡಿಯುವ ಮೊದಲು. ಯೆಹೆಜ್ಕೇಲನ ಹೆಂಡತಿಯೂ ಅವನಿಗಿಂತ ಮೊದಲೇ ಸತ್ತಳು, ಆಗ ದೇವರು ಅವನಿಗೆ ಅಳಬೇಡವೆಂದು ಅಪ್ಪಣೆ ಮಾಡಿದ್ದ. ಆ ಅಧ್ಯಾಯ ನನಗೂ ಗೊತ್ತಿತ್ತು. ಇವರೂ ಕಲ್ಲಿನ ಹಾಗೆ ಕೂರುತ್ತಾರೇನೋ ಎಂದು ಹೆದರಿ ಒಳಗೆ ಹೋದೆ. ಅಕ್ಕನ ಕಾಲು ಹಿಡಿದು ಗೊಳೋ ಎಂದು ಅಳುತ್ತಿದ್ದರು. ನನ್ನನ್ನು ನೋಡಿ, ನಾನು ಕೇಳದೇ ಇದ್ದದ್ದಕ್ಕೆ ಉತ್ತರ ಕೊಟ್ಟರು.

"ನಾನು ಪ್ರವಾದಿ ಅಲ್ಲಮ್ಮ, ಬರೀ ಉಪದೇಶಿ. ನಂಗೆ ಅಳೋಕೆ ಅಪ್ಪಣೆ ಇದೆ."

ಸಭೆಯವರೆಲ್ಲ ಬಂದರು. ಇಷ್ಟು ದಿನದ ಮುನಿಸು ಮರೆತು ಬಂದರು, ಅದು ಸುಳ್ಳಲ್ಲ. ಗಾರ್ಡ್ ಹಿರಿಯರು ತಾವೇ ನಿಂತು ಸಂಪಿಗೆ ಮರದ ಕೆಳಗೆ, ಎಲ್ಲಕ್ಕಿಂತ ಒಳ್ಳೆಯ ಜಾಗ ಗೊತ್ತುಮಾಡಿ, ಮನೆಗೆ ಬಂದು ಹೇಳಿದರು. ಉಪದೇಶಿಗಳು ಬೇಡವೆಂದರು. ಬೇಲಿಯಾಚೆ, ಹಳ್ಳದ ಪಕ್ಕ, ರೂತಮ್ಮನ ಮಗ ಇದ್ದಾನೆನ್ನುವ ಕಡೆ ಅಗೆಯಿರಿ ಎಂದರು. ನನಗೆ ಆ ಕ್ಷಣ ಅವರ ಮೇಲೆ ಎಂಥ ಕೋಪ ಬಂತೆಂದರೆ, ಸತ್ತವರನ್ನೂ ಪ್ರಸಂಗ ಮಾಡುತ್ತೀರಾ ಎಂದು ಕೂಗಬೇಕೆನಿಸಿತು. ಅಕ್ಕ ಇದನ್ನು ಕೇಳಿದ್ದರೇ? ಕೇಳಿರಲಿಲ್ಲ.

ಕೂಗುವ ಧೈರ್ಯ ನನಗಿರಲಿಲ್ಲ. ಅಂಗಳದ ಮೂಲೆಯಲ್ಲಿದ್ದ ರೂತಮ್ಮ ಎದ್ದು ಬಂದಳು. ಕೂಗಲಿಲ್ಲ ಅವಳೂ.

"ಬ್ಯಾಡ ಸ್ವಾಮಿ. ಆ ನೀರು ನಂಗೊತ್ತು, ನಿಮಗ್ಗೊತ್ತಿಲ್ಲ. ಅಮ್ಮನ್ನ ನೀರಾಗೆ ಆಕ್ಬ್ಯಾಡಿ. ನಾಳಿಕ್ಕೆ ಉಡುಕ್ತೀರಿ."

ಅವರು ಅವಳ ಮುಖ ನೋಡಿದರು. ಆಮೇಲೆ ಗಾರ್ಡ್ ಹಿರಿಯರ ಕಡೆ ತಿರುಗಿ, ನೀವು ಹೇಳಿದ ಜಾಗವೇ ಆಗಲಿ ಎಂದರು. ಅಷ್ಟು ವರ್ಷ ಹಿಡಿದ ಹಟವನ್ನು ಒಂದು ಮಾತಿಗೆ ಬಿಟ್ಟುಕೊಟ್ಟರು. ಬೇಲಿಯ ಗಲಾಟೆಯಲ್ಲಿ ಇನ್ನೊಬ್ಬರ ಮಾತನ್ನು ನಿಜವಾಗಿ ಕೇಳಿದವರು ಅವರೊಬ್ಬರೇ. ಅಕ್ಕ ಒಣ ಮಣ್ಣಿನಲ್ಲಿ ಮಲಗಿದರು. ನಮ್ಮಲ್ಲಿ ಗಂಡಹೆಂಡಿರಲ್ಲಿ ಒಬ್ಬರು ಮೊದಲು ಹೋದರೆ, ಪಕ್ಕದಲ್ಲಿ ಇನ್ನೊಬ್ಬರು ಮಲಗುವಷ್ಟು ನೆಲ ಬಿಟ್ಟು ನಾಲ್ಕು ಮೂಲೆಗೂ ಕಲ್ಲು ನೆಡುತ್ತಾರೆ. ಕಲ್ಲು ನೆಟ್ಟ ನೆಲ ಉಳಿದವರದು, ಅದನ್ನು ಬೇರೆ ಯಾರೂ ಕೇಳುವಂತಿಲ್ಲ. ಗಾರ್ಡ್ ಹಿರಿಯರು ಉಪದೇಶಿಗಳಿಗೂ ಕಲ್ಲು ನೆಡಿಸಿದರು.

ಆಮೇಲಿನ ಸಂಜೆಗಳಲ್ಲೂ ಓದು ನಿಲ್ಲಲಿಲ್ಲ. ನಾಲ್ಕು ಸಾಲು ಓದಿ, "ಅಲ್ವಾ?" ಎನ್ನುತ್ತಿದ್ದರು. ಆಮೇಲೆ ಏನೂ ಕೇಳಿಸುತ್ತಿರಲಿಲ್ಲ. ಗೋಡೆಯ ಈಚೆಯಿಂದ ನಾನು ಹೂಂ ಎನ್ನಬಹುದಿತ್ತು. ಎಂದರೆ ಅವರಿಗೆ ನಾಚಿಕೆಯಾಗುತ್ತದೆಂದು ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನಾಲ್ಕು ಸಾಲು. ಭಾನುವಾರ ಪೀಠದ ಮೇಲೆ ಸುಮ್ಮನೆ ನಿಂತಾಗ, ಕೊಡೆ ಎತ್ತುವವರಿಲ್ಲದೆ, ಯಾವಾಗ ನಿಲ್ಲಿಸಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಒಮ್ಮೊಮ್ಮೆ ಜನ ತಾವೇ ಎದ್ದುಬಿಡುತ್ತಿದ್ದರು.

ಒಂದೆರಡು ವರ್ಷದ ಮೇಲೆ ಅವರಿಗೆ ಕೋಲಾರದ ಕಡೆಗೆ ವರ್ಗವಾಯಿತು. ಪೆಟ್ಟಿಗೆ ಕಟ್ಟುತ್ತಿದ್ದಾಗಲೇ ರೂತಮ್ಮ ಸತ್ತ ಸುದ್ದಿ ಬಂತು. ಕೋಡಿ ಹರಿಯುತ್ತಿದ್ದ ಕಾಲ. ಬೇಲಿಯ ಆಚೆ ಗುದ್ದಲಿ ಹಾಕಿದರೆ ಗುಂಡಿಯಲ್ಲಿ ನೀರು ನಿಲ್ಲುತ್ತಿತ್ತು. ಉಪದೇಶಿಗಳು ನನ್ನನ್ನು ಜೊತೆಗೆ ಬನ್ನಿ ಎಂದರು. ಯಾಕೆಂದು ಆಗ ತಿಳಿಯಲಿಲ್ಲ. ಒಬ್ಬರೇ ಹೋಗಲು ಅವರಿಗೆ ಆಗಲಿಲ್ಲವೆಂದು ಈಗ ತಿಳಿಯುತ್ತದೆ.

ಗಾರ್ಡ್ ಹಿರಿಯರ ಅಂಗಳದಲ್ಲಿ ಜಡಿಮಳೆಯಲ್ಲಿ ನಿಂತರು. ಹಿರಿಯರು ಜಗುಲಿಗೆ ಬಂದರು.

"ಸಂಪಿಗೆ ಮರದ ಕೆಳಗೆ ಕಲ್ಲು ನೆಟ್ಟ ಜಾಗ ನನ್ನದು ತಾನೇ?" ಎಂದು ಉಪದೇಶಿಗಳು ಕೇಳಿದರು.

"ನಿಮ್ಮದೇ. ಅದನ್ನ ಯಾರ್ ಮುಟ್ತಾರೆ?"

"ಅದನ್ನ ರೂತಮ್ಮಂಗೆ ಕೊಟ್ಟಿದ್ದೀನಿ. ಇವತ್ತು ಅಲ್ಲೇ ಅಗೀತಾರೆ."

ದನದ ಮಾತು ಇಲ್ಲಿ ನಡೆಯುವಂತಿರಲಿಲ್ಲ. ಕಟ್ಟಳೆ ಹಿರಿಯರದೇ, ಕಲ್ಲು ನೆಡಿಸಿದವರೂ ಅವರೇ. ಕೊನೆಗೆ ಅವರ ಬಾಯಿಂದ ಬಂದದ್ದು ಕೋಪದ ಮಾತಲ್ಲ.

"ಯೋಚನೆ ಮಾಡಿದ್ದೀರಾ? ನಾಳೆ ನೀವು ಹೋದ್ರೆ ಆಕೆ ಪಕ್ಕ ನಿಮಗೆ ಜಾಗ ಇರಲ್ಲ."

"ಗೊತ್ತು," ಎಂದರು ಉಪದೇಶಿಗಳು. ಆ ಒಂದು ಮಾತು ಹೇಳುವಾಗ ಅವರ ದನಿ ಒಡೆಯಿತು. ಮತ್ತೆ ಸರಿಮಾಡಿಕೊಂಡು, "ಇಷ್ಟು ವರ್ಷ ನಿಮ್ಮನ್ನ ಕೇಳಿದೆ. ಈಗ ಏನೂ ಕೇಳ್ತಿಲ್ಲ," ಎಂದರು.

ಬೇಲಿಯಾಚೆಯವರ ಹೆಣವೊಂದು ಮೊದಲ ಸಲ ಮುಂದಿನ ಗೇಟಿನಿಂದ ಬಂತು, ಅದು ರೂತಮ್ಮನದು. ಈಚೆಯವರು ಹೆಚ್ಚಿನವರು ಬರಲಿಲ್ಲ. ಗಾರ್ಡ್ ಹಿರಿಯರು ಬಂದರು, ಪೇಟ ತೆಗೆದು ಕೈಯಲ್ಲಿ ಹಿಡಿದು ಮಳೆಯಲ್ಲಿ ನಿಂತರು, ಒಂದು ಹಿಡಿ ಮಣ್ಣು ಹಾಕಿ ಯಾರನ್ನೂ ನೋಡದೆ ಹೋದರು. ಉಪದೇಶಿಗಳು ಪಾಠ ಓದಿದರು, ಪುಸ್ತಕ ಮುಚ್ಚಿದರು. ಬೇಲಿಯಾಚೆಯವರು ಅವರು ಏನಾದರೂ ಹೇಳುತ್ತಾರೆಂದು ಕಾದರು. ಅವರು ಬಗ್ಗಿ, ನೆಟ್ಟಿದ್ದ ನಾಲ್ಕು ಕಲ್ಲುಗಳನ್ನು ಒಂದೊಂದಾಗಿ ಕಿತ್ತು ಪಕ್ಕಕ್ಕಿಟ್ಟರು. ಮರುದಿನ ಬೆಳಗಿನ ಬಸ್ಸಿಗೆ ಹೊರಟುಹೋದರು. ಮತ್ತೆ ಈ ಕಡೆ ಬರಲಿಲ್ಲ.

ಸಂತೆಯಲ್ಲಿ ಸಿಕ್ಕವರು ಹೇಳಿದ ಪ್ರಕಾರ ಅವರನ್ನು ಅಲ್ಲೇ, ಗೊತ್ತಿಲ್ಲದವರ ನಡುವೆ, ಮಣ್ಣು ಮಾಡಿದ್ದಾರೆ. ನಾನು ಹೋಗಿ ಗಾರ್ಡ್ ಹಿರಿಯರಿಗೆ ತಿಳಿಸಿದೆ. ಈಗ ಅವರಿಗೆ ಕಣ್ಣು ಮಂಜಾಗಿದೆ. ಇಲ್ಲಿಗೇ ತರಬಹುದಿತ್ತಲ್ಲ, ಆಕೆಯ ಪಕ್ಕದಲ್ಲಿ, ಎಂದು ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿದರು. ಬೇಲಿ ಹಾಗೆಯೇ ಇದೆ. ಅದಾದ ಮೇಲೆ ಆಚೆಯವರು ಯಾರೂ ಮೇಲೆ ಬಂದಿಲ್ಲ, ಈಚೆಯವರು ಯಾರೂ ತಮ್ಮ ಕಲ್ಲು ಕಿತ್ತಿಲ್ಲ.

ನಿನ್ನೆ ಶಾಲೆ ಬಿಟ್ಟ ಮೇಲೆ ಸಂಪಿಗೆ ಮರದ ಕೆಳಗೆ ಹೋದೆ. ಅಕ್ಕನದು, ರೂತಮ್ಮನದು, ಎರಡು ಗುಡ್ಡೆಗಳೂ ಒಣಗಿ ಗಟ್ಟಿಯಾಗಿವೆ. ಯಾರೂ ಇರಲಿಲ್ಲ. ಅಕ್ಕಾ, ಅವರು ಹೋದರು, ಇಲ್ಲಿಗೆ ಬರುವುದಿಲ್ಲ ಎಂದು, ಇಬ್ಬರಿಗೂ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿ ಬಂದೆ.